ಕಾರಿನ ಮ್ಯಾಟ್ ಎತ್ತಿ ನೋಡಿದ್ದೀರಾ?

ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಗೆ ಹೊತ್ತಾಯಿತೆಂದರೆ ಹಾರುವ ಕುದುರೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಪೇಂಟರ್ ಮಗಳಿಗೆ ಬರಬೇಕಾದದ್ದು ಐದೂ ನಲವತ್ತರ ಬಸ್ಸು. ಅದು ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ, ಇನ್ನೊಂದು ದಿನ ಬಂದರೂ ನಿಲ್ಲುವುದಿಲ್ಲ.

ಹುಡುಗಿ ಓದುತ್ತಿದ್ದುದು ನರ್ಸಿಂಗ್ ಎರಡನೇ ವರ್ಷ. ಬೆಳಗ್ಗೆ ಆರೂವರೆಗೆ ಸರಿಯಾಗಿ ರಾತ್ರಿ ಪಾಳಿಯವರು ಒಬ್ಬೊಬ್ಬ ರೋಗಿಯ ವಿವರವನ್ನೂ ಒಪ್ಪಿಸಿ ಮನೆಗೆ ಹೊರಡುತ್ತಾರೆ. ಆ ಹೊತ್ತಿಗೆ ವಾರ್ಡಿನಲ್ಲಿ ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಕೆಂಪು ಗೆರೆ. ಹತ್ತು ಗೆರೆ ಬಿದ್ದರೆ ಆ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು, ಅವಳ ಹೆಸರಿನ ಮುಂದೆ ಆಗಲೇ ಏಳು ಗೆರೆ ಬಿದ್ದಿದ್ದವು.

ಮನೆಯಲ್ಲಿ ಇದ್ದದ್ದು ಮೂವರು: ಗೋಡೆಗೆ ಬಣ್ಣ ಹೊಡೆಯುವ ಅಪ್ಪ, ಅಪ್ಪನ ಅಮ್ಮ, ಮತ್ತು ಇವಳು. ಇವಳನ್ನು ಎಲ್ಲರೂ ಕರೆಯುತ್ತಿದ್ದುದೇ 'ಗಡಿಬಿಡಿ' ಎಂದು. ಡಾಕ್ಟರು ಹೇಳಿದ ದಿನಕ್ಕಿಂತ ಮೂರು ವಾರ ಮೊದಲೇ ಹುಟ್ಟಿದವಳು. "ಹೊಟ್ಟೆಯಲ್ಲಿದ್ದಾಗಲೇ ಇವಳಿಗೆ ಬಸ್ಸು ತಪ್ಪುತ್ತೆ ಅನ್ನೋ ಭಯ" ಎಂದು ಅಜ್ಜಿ ಇವತ್ತಿಗೂ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಬಸ್ಸು ಸಿಗ್ನಲ್ಲಿನಲ್ಲಿ ನಿಲ್ಲುವಾಗ ಕಿಟಕಿಯಿಂದ ಹಳೇ ಕಾರುಗಳ ಅಂಗಡಿ ಕಾಣುತ್ತಿತ್ತು. ಅಲ್ಲಿ, ಎಲ್ಲಕ್ಕಿಂತ ಮುಂದೆ, ಮಾಗಿದ ಹಣ್ಣಿನ ಹಾಗೆ ಒಂದು ಕೆಂಪು ಪುಟ್ಟ ಕಾರು. ಗಡಿಬಿಡಿ ದಿನಾ ಅದನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಮನಸ್ಸಿನಲ್ಲೇ ಹಿಂದಿನ ಸೀಟಿನ ಮೇಲೆ ಇಸ್ತ್ರಿ ಮಾಡಿದ ಏಪ್ರನ್ ತೂಗುಹಾಕಿದಳು, ಮುಂದೆ ನೀರಿನ ಬಾಟಲಿ ಇಟ್ಟಳು, ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿದಳು. ಕಾರು ಅಂಗಡಿಯಲ್ಲಿದ್ದರೂ ಸಂಸಾರ ಆಗಲೇ ಶುರುವಾಗಿಬಿಟ್ಟಿತ್ತು.

ಡ್ರೈವಿಂಗ್ ಲೈಸೆನ್ಸ್ ಇತ್ತು. ಮೂರು ವರ್ಷ ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡಿತ್ತು, ಅಪ್ಪ ಅದಕ್ಕೆ ತನ್ನದನ್ನೂ ಸೇರಿಸಿದ್ದ. ಅಂಗಡಿಗೆ ಫೋನ್ ಮಾಡಿ ಕೇಳಿದರೆ ಕೆಂಪು ಕಾರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ.

"ಕೂಡಿಟ್ಟದ್ದಕ್ಕೂ ಬೆಲೆಗೂ ಸರಿಹೋಯ್ತಪ್ಪ! ನಮಗೇ ಅಂತ ಇಟ್ಟ ಹಾಗಿದೆ" ಎಂದಳು ಗಡಿಬಿಡಿ. ಶನಿವಾರ ಮಧ್ಯಾಹ್ನ ಅಪ್ಪನ ಕೈ ಹಿಡಿದು ಎಳೆದುಕೊಂಡೇ ಹೋದಳು.

ಅಪ್ಪನಿಗೆ ಒಂದು ಚಾಳಿ. ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಾನೆ, ಆಮೇಲೆ ಮನುಷ್ಯರನ್ನು. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೂ ಮಂಚದ ಹಿಂದಿನ ಗೋಡೆಗೆ ಉಗುರು ಹಾಕಿ ಕೆರೆದು, "ಒಂದೇ ಕೋಟ್ ಹೊಡೆದು ದುಡ್ಡು ತಿಂದಿದ್ದಾನೆ" ಎಂದು ಬೈದ ಮೇಲೆಯೇ "ಹೇಗಿದ್ದೀರಿ?" ಎಂದು ಕೇಳುವುದು. ಇಲ್ಲೂ ಹಾಗೇ ಆಯಿತು. ಅಂಗಡಿಯವನು ಕೈ ಕುಲುಕಲು ಬಂದರೆ ಅಪ್ಪ ಆಗಲೇ ಕಾರಿನ ಬಾಗಿಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ.

"ಏನು ಕೈ ರೀ ಇದು! ಎಲ್ಲಾದರೂ ಒಂದು ಸೋರಿದ ಗುರುತಿದೆಯಾ?" ಅಪ್ಪನ ಬೆರಳು ಬಾಗಿಲಿನ ಕೆಳಗಿನ ಅಂಚಿನ ಮೇಲೆ ಸವರಿಕೊಂಡು ಹೋಯಿತು. "ಗಡಿಬಿಡಿ, ಇಲ್ಲಿ ನೋಡೇ. ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಎರಡು ಕೋಟ್! ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡವರು ಇಂಜಿನ್ ಹಾಳು ಮಾಡಿರ್ತಾರಾ?"

"ಯಜಮಾನರಿಗೆ ಕಣ್ಣಿದೆ" ಎಂದ ಅಂಗಡಿಯವನು. "ನೀವು ಬರೋದು ಗೊತ್ತಿತ್ತಲ್ಲ, ಅದಕ್ಕೇ ಸ್ಟಾರ್ಟ್ ಮಾಡಿ ಎಸಿ ಹಾಕಿ ಇಟ್ಟಿದ್ದೆ. ಬಿಸಿಲಲ್ಲಿ ಬಂದ ತಂಗಿ ತಣ್ಣಗೆ ಕೂರಲಿ ಅಂತ."

ತಂಗಿ ಕೂತಳು. ಒಳಗೆ ಮಲ್ಲಿಗೆಯ ಸೆಂಟಿನ ಘಮ, ಮೆತ್ತಗಿನ ಹಾಡು, ತಣ್ಣನೆ ಗಾಳಿ. ಬೀದಿಯ ತುದಿವರೆಗೆ ಓಡಿಸಿಕೊಂಡು ಬಂದಳು. ಕಾರು ಬೆಣ್ಣೆಯ ಹಾಗೆ ಹೋಯಿತು. ಇಳಿಯುವ ಹೊತ್ತಿಗೆ ಅವಳ ಮುಖವೇ ಬೇರೆ.

ಆ ಮುಖವನ್ನು ಅಂಗಡಿಯವನೂ ನೋಡಿದ. "ನಾಳೆ ಹನ್ನೊಂದು ಗಂಟೆಗೆ ಇನ್ನೊಬ್ಬರು ಅಡ್ವಾನ್ಸ್ ತರ್ತಾರೆ ಯಜಮಾನರೇ. ಮಗಳ ಮುಖ ನೋಡಿ ಅಲ್ಲಿವರೆಗೆ ತಡೀತೀನಿ. ಅದರ ಮೇಲೆ ನನ್ನ ಕೈಲಿ ಆಗಲ್ಲ."

ಅಲ್ಲಿಂದ ಶುರುವಾಯಿತು ಚಡಪಡಿಕೆ. ಮನೆಗೆ ಬಂದವಳು ಕೂರಲಿಲ್ಲ. ಬ್ಯಾಂಕಿನ ಪುಸ್ತಕ ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ನೀರು ಕುಡಿಯಲು ಹೋಗಿ ಬರಿ ಲೋಟ ಹಿಡಿದು ವಾಪಸು ಬಂದಳು.

"ಆ ಹನ್ನೊಂದು ಗಂಟೆಯವರು ಹತ್ತಕ್ಕೇ ಬಂದುಬಿಟ್ಟರೆ? ಅಪ್ಪ, ಈಗಲೇ ಹೋಗಿ ಅಡ್ವಾನ್ಸ್ ಕೊಟ್ಟು ಬರೋಣ."

ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೇಳಿಸಿತು. ಬಂದವಳು ಪಕ್ಕದ ಮನೆಯ ವ್ಯಾನಕ್ಕ. ಹದಿನೆಂಟು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುವವಳು, ಗಡಿಬಿಡಿಗೆ ಡ್ರೈವಿಂಗ್ ಕಲಿಸಿದವಳೂ ಅವಳೇ. ವ್ಯಾನಿನ ಮೇಲೆ ಶಾಲೆಯ ಹೆಸರು ಮಾಸಿತ್ತು, ಅಪ್ಪನ ಕೈಲಿ ತಿದ್ದಿಸಲು ಬಂದಿದ್ದಳು. ಇಲ್ಲಿಯವರೆಗೆ ನಾಲ್ಕು ಹಳೇ ಗಾಡಿ ಕೊಂಡಿದ್ದಾಳೆ. "ಮೊದಲನೇದರಲ್ಲಿ ಮುಳುಗಿದೆ, ಎರಡನೇದರಲ್ಲಿ ಈಜು ಕಲಿತೆ" ಎಂಬುದು ಅವಳದೇ ಮಾತು.

ಕೆಂಪು ಕಾರಿನ ವರ್ಣನೆಯನ್ನೆಲ್ಲ ಕೇಳಿ ವ್ಯಾನಕ್ಕ ಕೇಳಿದ್ದು ಒಂದೇ. "ಬಾನೆಟ್ ಮುಟ್ಟಿ ನೋಡಿದ್ಯಾ?"

"ಬಿಸಿ ಇತ್ತು. ಇಂಜಿನ್ ಓಡ್ತಾ ಇತ್ತಲ್ಲ ಅಕ್ಕ."

"ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋದನ್ನ ನೋಡಲೇ ಇಲ್ಲ ಹಾಗಾದ್ರೆ."

"ಪಾಪ, ನಮಗೋಸ್ಕರ ಎಸಿ ಹಾಕಿ ಇಟ್ಟಿದ್ದ. ಅದರಲ್ಲೂ ತಪ್ಪು ಹುಡುಕ್ತೀರಲ್ಲ!"

"ನಿಮ್ಮ ವಾರ್ಡಲ್ಲಿ ಜ್ವರದ ಮಾತ್ರೆ ನುಂಗಿಸಿದ ಮೇಲೆ ಥರ್ಮಾಮೀಟರ್ ಇಡ್ತೀರೋ, ಮೊದಲೇ ಇಡ್ತೀರೋ?"

"ಮೊದಲೇ ಇಡ್ತೀವಿ" ಎಂದಳು ಗಡಿಬಿಡಿ ಮೆಲ್ಲಗೆ.

"ಕಾಗದದಲ್ಲಿ ಹೆಸರು ಯಾರದ್ದು? ಹಳೇ ಓನರ್ ಸಾಲ ತೀರಿಸಿದ್ದಾರಾ? ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ?"

"ಅದೆಲ್ಲ... ಆಮೇಲೆ ಕೊಡ್ತೀನಿ ಅಂದ."

"ಟೈರ್ ಬದಲಾಯಿಸಬೇಕು ಅಂದ್ರೆ ದುಡ್ಡು?"

"ಇಲ್ಲ. ಇರೋದೆಲ್ಲ ಕಾರಿಗೇ ಹೋಗುತ್ತೆ."

"ಇರೋದೆಲ್ಲ ಕಾರಿಗೇ ಸುರಿದ್ರೆ ಪೆಟ್ರೋಲ್‌ಗೆ ಏನು, ಅಜ್ಜಿಯ ಹಲ್ಲಿನ ಸೆಟ್ ಮಾರ್ತೀಯಾ? ನಾಲ್ಕರಲ್ಲಿ ಒಂದು ಪಾಲು ಪಕ್ಕಕ್ಕಿಡಬೇಕು ಕಣೇ. ಹಳೇ ಗಾಡಿ ಮನೆಗೆ ಬಂದ ಮೊದಲ ತಿಂಗಳೇ ಕೈ ಚಾಚುತ್ತೆ."

"ನನ್ನ ಹಲ್ಲಿನ ತಂಟೆಗೆ ಯಾರೂ ಬರಬೇಡಿ" ಎಂದಳು ಅಜ್ಜಿ ಒಳಗಿನಿಂದ.

ಅಪ್ಪನಿಗೆ ಕೋಪ ಬಂದಿತ್ತು. "ಏನಮ್ಮ ನೀನು, ಮಗು ಆಸೆಪಟ್ಟಿದೆ. ಮೂವತ್ತು ವರ್ಷದಿಂದ ಬಣ್ಣದಲ್ಲೇ ಕೈ ತೊಳೀತಿದ್ದೀನಿ, ನನಗೆ ಒಳ್ಳೇ ಕೆಲಸ ಗೊತ್ತಾಗಲ್ವಾ?"

"ಬಣ್ಣ ಚೆನ್ನಾಗಿದೆ ಅಂತ ನಾನೂ ಒಪ್ತೀನಣ್ಣ. ಆದರೆ ಆರು ವರ್ಷದ ಕಾರಿನ ಅಡಿಯ ಅಂಚಿಗೆ ಹೊಸ ಬಣ್ಣ ಯಾಕೆ ಬೇಕಾಯ್ತು?"

ಅಪ್ಪ ವ್ಯಾನಿನ ಅಕ್ಷರ ತಿದ್ದಲು ಬಣ್ಣದ ಡಬ್ಬಿ ತೆಗೆದ. ಕುಂಚವನ್ನು ಡಬ್ಬಿಯ ಅಂಚಿಗೆ ಬೇಕಾದ್ದಕ್ಕಿಂತ ಜಾಸ್ತಿ ಸಲ ಒರೆಸಿದ.

ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಗಡಿಬಿಡಿ, ರಾಕ್ಷಸನ ಕಥೆ ಮರೆತೆಯೇನೇ? ಅವನ ಪ್ರಾಣ ಎಲ್ಲಿತ್ತು?"

"ಗಿಳಿಯಲ್ಲಿ ಅಜ್ಜಿ. ಈಗ ಕಥೆ ಬೇಡ."

"ಹೊಳೆಯೋ ಕಿರೀಟದ ಮೇಲೆ ಕತ್ತಿ ಬೀಸಿದವರೆಲ್ಲ ಸೋತರು. ಪ್ರಾಣ ಎಲ್ಲಿದೆ ಅಂತ ಮೊದಲು ಕೇಳಿದವಳು ಒಬ್ಬಳೇ ಗೆದ್ದದ್ದು. ನಿನ್ನ ಕಾರಿನ ಪ್ರಾಣ ಎಲ್ಲಿದೆ, ಕೇಳಿದ್ಯಾ?"

"ಕೇಳ್ತಾ ಕೂತರೆ ಹನ್ನೊಂದಾಗುತ್ತೆ!"

"ಅವನು ಹನ್ನೊಂದು ಅಂದಿದ್ದು ನಿನ್ನ ಅವಸರ ನೋಡಿ" ಎಂದಳು ವ್ಯಾನಕ್ಕ. "ನಾಳೆ ಭಾನುವಾರ, ನನಗೂ ರಜೆ. ಎಂಟಕ್ಕೇ ಹೋಗೋಣ. ಫೋನ್ ಮಾಡೋದು ಬೇಡ. ನಿಮ್ಮ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀರಲ್ಲ, ಆ ನಿಂಬೆಹಣ್ಣಿನ ಆಯಸ್ಕಾಂತ, ಅದನ್ನ ಜೇಬಲ್ಲಿ ಹಾಕಿಕೋ."

ಭಾನುವಾರ ಎಂಟಕ್ಕೆ ಅಂಗಡಿಯವನು ಬಾಗಿಲು ತೆಗೆದು ಕಸ ಗುಡಿಸುತ್ತಿದ್ದ. ಇವರನ್ನು ಕಂಡವನೇ ಪೊರಕೆ ಬಿಟ್ಟು ಬೀಗದ ಕೈಗೆ ಓಡಿದ. "ಒಂದೇ ನಿಮಿಷ, ಕಾರು ಹೊರಗೆ ತೆಗೀತೀನಿ."

"ಬೇಡಣ್ಣ, ಅಲ್ಲೇ ಇರಲಿ" ಎಂದು ವ್ಯಾನಕ್ಕ ಬಾನೆಟ್ ಮೇಲೆ ಅಂಗೈ ಇಟ್ಟಳು. "ತಣ್ಣಗಿದೆ. ಹೂಂ ಗಡಿಬಿಡಿ, ಸ್ಟಾರ್ಟ್ ಮಾಡು."

ನಿನ್ನೆಯ ಬೆಣ್ಣೆ ಇವತ್ತು ಕೆಮ್ಮಿತು. ಒಂದು ಸಲ, ಎರಡು ಸಲ, ನಾಲ್ಕನೇ ಸಲಕ್ಕೆ ಮೈಯೆಲ್ಲ ನಡುಗಿ ಎದ್ದಿತು. ಹಿಂದಿನಿಂದ ನೀಲಿ ಹೊಗೆ.

"ಬೆಳಗಿನ ಚಳಿಗೆ ಹಾಗೇ" ಎಂದ ಅಂಗಡಿಯವನು.

"ಅವಳು ಓಡಿಸೋದೂ ಬೆಳಗ್ಗೇನೇ" ಎಂದಳು ವ್ಯಾನಕ್ಕ.

ಗಡಿಬಿಡಿಯ ಮೂಗಿಗೆ ಆಗ ಏನೋ ಹತ್ತಿತು. ಎಸಿ ಹಾಕಿರಲಿಲ್ಲ, ಮಲ್ಲಿಗೆಯ ಸೆಂಟು ರಾತ್ರಿಯೆಲ್ಲ ಆರಿ ತೆಳ್ಳಗಾಗಿತ್ತು. ಅದರ ಹಿಂದಿನಿಂದ ಎರಡು ದಿನ ಬಿಚ್ಚದ ಒದ್ದೆ ಬ್ಯಾಂಡೇಜಿನ ವಾಸನೆ. ವಾರ್ಡಿನಲ್ಲಿ ಆ ವಾಸನೆ ಬಂದರೆ ಅವಳು ತಕ್ಷಣ ಬಿಚ್ಚಿ ನೋಡುತ್ತಾಳೆ. ಇಲ್ಲಿ ಕೈ ಹಿಂದೆ ಸರಿಯಿತು. ನೋಡುವುದು ಬೇಡ ಅನ್ನಿಸಿತು.

ವ್ಯಾನಕ್ಕ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದಳು. ಅದರ ಕೆಳಗಿನ ಬಟ್ಟೆಯ ಹಾಸನ್ನೂ ಎಳೆದು ಮಡಚಿದಳು. ಅಡಿಯಲ್ಲಿ ನೆಲದ ತಗಡಿಗೂ ಹೊಚ್ಚಹೊಸ ಕೆಂಪು ಬಣ್ಣ.

"ನೋಡಿದ್ಯಾ, ಇಲ್ಲಿಗೂ ಎಷ್ಟು ನೀಟಾಗಿ..." ಎಂದು ಶುರುಮಾಡಿದ ಅಪ್ಪ ಮಾತು ಮುಗಿಸಲಿಲ್ಲ. ಬಗ್ಗಿದ. ಬೆರಳಿನ ಗೆಣ್ಣಿನಿಂದ, ಗೋಡೆಯ ಗಾರೆ ಎಲ್ಲಿ ಬಿಟ್ಟುಕೊಂಡಿದೆ ಎಂದು ತಟ್ಟಿ ನೋಡುವಂತೆಯೇ, ತಗಡನ್ನು ತಟ್ಟುತ್ತ ಬಂದ. ಟಣ್. ಟಣ್. ಟಣ್. ಬಾಗಿಲಿನ ಅಂಚಿಗೆ ಬಂದಾಗ ಡೊಬ್.

ಅಪ್ಪ ಮತ್ತೊಮ್ಮೆ ತಟ್ಟಿದ. ಡೊಬ್.

"ಆ ನಿಂಬೆಹಣ್ಣು ಕೊಡು" ಎಂದ. ಆಯಸ್ಕಾಂತ ಬಾಗಿಲಿಗೆ ಕಚ್ಚಿಕೊಂಡಿತು, ನಡುವಿನ ನೆಲಕ್ಕೆ ಕಚ್ಚಿಕೊಂಡಿತು. ಅಂಚಿಗೆ ಇಟ್ಟರೆ ಹಿಡಿಯಲೇ ಇಲ್ಲ, ಜಾರಿ ಅಪ್ಪನ ಚಪ್ಪಲಿಯ ಮೇಲೆ ಬಿತ್ತು.

"ಇದು ತಗಡಲ್ಲ, ಬಿರುಕಿಗೆ ಮೆತ್ತೋ ಪುಟ್ಟಿ" ಎಂದ ಅಪ್ಪ. ಎದ್ದು ನಿಂತ. "ತುಕ್ಕು ಹಿಡಿದು ತಗಡು ತೂತಾಗಿದೆ. ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದಾರೆ. ನೀರಲ್ಲಿ ಮುಳುಗಿದ ಕಾರಿರಬೇಕು." ಆಮೇಲೆ ಮಗಳ ಕಡೆ ನೋಡದೆ ಹೇಳಿದ. "ನಾನೇ ಎಷ್ಟು ಸಲ ಈ ಕೆಲಸ ಮಾಡಿದ್ದೀನಿ. ತೇವ ಕೂತ ಗೋಡೆ, ಮನೆ ಬಾಡಿಗೆಗೆ ಕೊಡೋ ಮುಂಚೆ ಓನರ್ ಎರಡು ಕೋಟ್ ಹೊಡಿ ಅಂತಾರೆ, ಹೊಡೀತೀನಿ. ಬಂದವರು ಗೋಡೆ ಸವರಿ ಆಹಾ ಅಂತಾರೆ. ಆರು ತಿಂಗಳಿಗೆ ಎಲ್ಲ ಉದುರುತ್ತೆ. ನಿನ್ನೆ ಆಹಾ ಅಂದವನು ನಾನೇ."

ಅಂಗಡಿಯವನು ಮೆತ್ತಗಾದ. "ನನಗೂ ಗೊತ್ತಿರಲಿಲ್ಲ ಯಜಮಾನರೇ. ನಾನೂ ಹೀಗೇ ಕೊಂಡಿದ್ದು. ಬೇಕಾದರೆ ಬೆಲೆ ಇಳಿಸಿ ಕೊಡ್ತೀನಿ, ತಗೊಂಡು ಹೋಗಿ."

ಬೆಲೆ ಇಳಿಸುತ್ತಾನಂತೆ! ಗಡಿಬಿಡಿ ಅಪ್ಪನ ತೋಳು ಹಿಡಿದಳು. ಸೋಮವಾರ ಬೆಳಗಾದರೆ ಅದೇ ಬಸ್ ಸ್ಟಾಪು. "ಅಪ್ಪ, ಎರಡೇ ತಿಂಗಳು ಓಡಿದರೆ ಸಾಕು. ಪರೀಕ್ಷೆ ಮುಗೀಲಿ, ಆಮೇಲೆ ಏನಾದರೂ ಆಗಲಿ."

ವ್ಯಾನಕ್ಕ ಬೈಯಲಿಲ್ಲ. ಅವಳ ಕೈ ಹಿಡಿದು ಸೀಟಿನ ಪಕ್ಕಕ್ಕೆ ಒಯ್ದಳು, ಸೀಟ್ ಬೆಲ್ಟು ಕೆಳಗೆ ಹೋಗಿ ಬೋಲ್ಟಿನಿಂದ ಕೂತಿರುವ ಜಾಗಕ್ಕೆ. ಅದು ಡೊಬ್ ಎಂದ ಅದೇ ಅಂಚು. "ನಾಳೆ ಯಾರಾದರೂ ಬಂದು ಗುದ್ದಿದರೆ ನಿನ್ನನ್ನ ಹಿಡಿದುಕೊಳ್ಳೋದು ಈ ಬೆಲ್ಟು. ಬೆಲ್ಟನ್ನ ಹಿಡಿದುಕೊಂಡಿರೋದು ಈ ಪುಟ್ಟಿ. ನೀನು ವಾರ್ಡಿಗೆ ಟೈಮಿಗೆ ಹೋಗ್ತೀಯ ಕಣೇ. ಮಲಗಿಕೊಂಡು ಹೋಗ್ತೀಯ."

ಗಡಿಬಿಡಿಗೆ ನಾಲ್ಕನೇ ನಂಬರ್ ಮಂಚ ನೆನಪಾಯಿತು. ಅಲ್ಲಿರುವ ಹುಡುಗನಿಗೆ ಅವಳದೇ ವಯಸ್ಸು. ಬೆಳಗ್ಗೆ ಬೆಳಗ್ಗೆ ಅವನ ಕೂದಲಿನಿಂದ ಗಾಜಿನ ಚೂರು ಹೆಕ್ಕಿದವಳು ಅವಳೇ.

ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಸಿಗ್ನಲ್ ದಾಟಿದ ಮೇಲೆ ಅಳು ಬಂತು. ಅಪ್ಪ ಬಣ್ಣದ ಕಲೆಗಳ ಕರ್ಚೀಫು ಕೊಟ್ಟ. ಒರೆಸಿಕೊಂಡರೆ ಕೆನ್ನೆಗೆ ಸುಣ್ಣ ಹತ್ತಿತು.

ಮುಂದಿನ ಮೂರು ವಾರ ಇದೆಯಲ್ಲ, ಅದು ಕಥೆಯಲ್ಲಿ ಹೇಳುವುದಕ್ಕೆ ಮೂರು ಸಾಲು, ಕಳೆಯುವುದಕ್ಕೆ ಮೂರು ಯುಗ. ಆಸ್ಪತ್ರೆಯ ಕ್ಯಾಂಟೀನಿಗೆ ಬ್ರೆಡ್ ಒಯ್ಯುವ ಗಾಡಿಯವನಿಗೆ ವ್ಯಾನಕ್ಕ ಹೇಳಿ ಒಪ್ಪಿಸಿದಳು. ಗಡಿಬಿಡಿ ದಿನಾ ಬಿಸಿ ಬ್ರೆಡ್ಡಿನ ಟ್ರೇಗಳ ನಡುವೆ ಮೊಣಕಾಲು ಮಡಚಿ ಕೂತು ಹೋದಳು. ಒಂದು ದಿನ ಗಾಡಿ ಪಂಕ್ಚರ್ ಆಯಿತು, ಎಂಟನೇ ಗೆರೆ. ಇನ್ನೊಂದು ದಿನ ಒಲೆ ಕೆಟ್ಟು ಬ್ರೆಡ್ಡೇ ಬೇಯಲಿಲ್ಲ, ಒಂಬತ್ತನೇ ಗೆರೆ. ಉಳಿದದ್ದು ಒಂದೇ. ಸಂಜೆಯಾದರೆ ಕಾರು ನೋಡುವ ಕೆಲಸ. ತಣ್ಣನೆ ಇಂಜಿನ್, ಕಾಗದದ ಹೆಸರು, ಮ್ಯಾಟಿನ ಅಡಿ, ನಿಂಬೆಹಣ್ಣು. ಒಂದಾದ ಮೇಲೆ ಒಂದು ಐದು ಕಾರು ಬೇಡವಾದವು. ಪ್ರತಿ ಸಲವೂ ಅವಳಿಗೆ 'ಇದೇ ಇರಲಿ ಬಿಡಿ' ಎನ್ನುವಷ್ಟು ಅವಸರ, ಪ್ರತಿ ಸಲವೂ ಅಪ್ಪನೇ ಮೊದಲು ಕುಕ್ಕರಗಾಲಲ್ಲಿ ಕೂತು ತಟ್ಟುತ್ತಿದ್ದ. ಈಗ ಅವನು ಬಣ್ಣ ಹೊಗಳುವುದನ್ನು ಬಿಟ್ಟಿದ್ದ.

ಆರನೆಯದು ಒಬ್ಬ ಹೊಲಿಗೆ ಟೀಚರಮ್ಮನ ಕಾರು. ಮಂಡಿ ನೋವು ಬಂದು ಆಕೆ ಓಡಿಸುವುದನ್ನು ನಿಲ್ಲಿಸಿದ್ದರು. ಕಾರಿನ ಬಣ್ಣ ಪಾತ್ರೆ ತೊಳೆದ ನೀರಿನದು. ನೆತ್ತಿಯ ಮೇಲೆ ಬಿಸಿಲಿಗೆ ಮಾಸಿ ನಕಾಶೆಯ ಹಾಗೆ ಮಚ್ಚೆ, ಎಡಗಡೆ ಒಂದು ಉದ್ದ ಗೀರು.

"ಅದು ಗೇಟಿಗೆ ತಾಗಿಸಿದ್ದು. ಹಿಂದೆ ಒಂದು ತಗ್ಗಿದೆ, ಅದೂ ನಾನೇ" ಎಂದರು ಟೀಚರಮ್ಮ, ಕೇಳುವ ಮೊದಲೇ. ಬಿಸ್ಕತ್ತಿನ ಡಬ್ಬಿ ತೆರೆದರು. ಒಳಗೆ ಎಂಟು ವರ್ಷದ ಸರ್ವೀಸ್ ಬಿಲ್ಲು, ವರ್ಷಕ್ಕೊಂದು ಗುಂಡುಸೂಜಿ ಹಾಕಿ ಜೋಡಿಸಿದ್ದು.

ಇಂಜಿನ್ ತಣ್ಣಗಿತ್ತು, ಒಂದೇ ಸಲಕ್ಕೆ ಎದ್ದಿತು. ಮ್ಯಾಟಿನ ಅಡಿಯಲ್ಲಿ ಹಳೇ ಬಣ್ಣ, ಸ್ವಲ್ಪ ಮರಳು, ಅಂಗಿಯ ಎರಡು ಗುಂಡಿ. ಅಪ್ಪ ಕೊನೆಯವರೆಗೂ ತಟ್ಟಿದ: ಟಣ್, ಟಣ್, ಟಣ್. ಆದರೂ ವ್ಯಾನಕ್ಕ ಬಿಡಲಿಲ್ಲ. ಮಾರುವವರಿಗೂ ಕೊಳ್ಳುವವರಿಗೂ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬನಿಗೆ ಅವನ ಕೂಲಿ ಕೊಟ್ಟು ಕಾರು ಎತ್ತಿಸಿ ಅಡಿಯಿಂದ ತೋರಿಸಿದಳು. ಎರಡು ಟೈರು, ಒಂದು ಬ್ರೇಕ್ ಕೆಲಸ ಎಂದ ಅವನು. ಬೆಲೆ ಕೈಯಲ್ಲಿದ್ದುದಕ್ಕಿಂತ ಕಡಿಮೆ ಇತ್ತು. ಪಕ್ಕಕ್ಕಿಟ್ಟ ಪಾಲಿನಲ್ಲಿ ಟೈರೂ ಬಂತು, ಬ್ರೇಕೂ ಬಂತು, ಇನ್ಶೂರೆನ್ಸೂ ಆಯಿತು. ಹೆಸರು ಬದಲಾಯಿಸುವ ಕಾಗದಕ್ಕೆ ಸಹಿ ಬಿದ್ದ ಮೇಲೆಯೇ ದುಡ್ಡು ಕೈ ಬದಲಾಯಿಸಿತು.

ಒಂಬತ್ತು ಗೆರೆ ಒಂಬತ್ತಕ್ಕೇ ನಿಂತಿತು. ಪರೀಕ್ಷೆಯ ಪ್ರವೇಶ ಪತ್ರ ಬಂದ ದಿನ ಅಪ್ಪ ಕಾರನ್ನು ಸುತ್ತಿ ಸುತ್ತಿ ನೋಡಿದ. ಕೈ ತುರಿಸುತ್ತಿತ್ತು. "ಗಡಿಬಿಡಿ, ಪರೀಕ್ಷೆಗೆ ಹೋಗೋ ಕಾರು. ಒಂದು ಕೋಟ್ ಹೊಡೀಲಾ?"

"ಬೇಡಪ್ಪ. ಅದಕ್ಕೆ ಏನಾಗ್ತಿದೆ ಅಂತ ಕಾಣ್ತಾ ಇರಲಿ."

ಇನ್ನೊಂದು ಸಂಗತಿ ಇದೆ, ಅದನ್ನು ಹೇಳದಿದ್ದರೆ ಕಥೆ ಮುಗಿಯುವುದಿಲ್ಲ. ಮೊದಲನೇ ಪರೀಕ್ಷೆ ಮುಗಿಸಿ ಬರುವಾಗ ಗಡಿಬಿಡಿಯ ತಲೆಯ ತುಂಬ ನಾಳೆಯ ವಿಷಯ. ಓದಲು ಒಂದೊಂದು ನಿಮಿಷವೂ ಬೇಕು. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅಂಗಡಿಯ ಮುಂದೆ ಅದೇ ಕೆಂಪು ಕಾರು, ಇನ್ನೂ ಹೊಳೆಯುತ್ತಿತ್ತು. ಅದರ ಪಕ್ಕ ಕಾಲೇಜಿನ ಚೀಲ ಹೆಗಲಿಗೆ ಹಾಕಿದ ಒಬ್ಬ ಹುಡುಗಿ, ಕಿಟಕಿಯಿಂದ ಒಳಗೆ ಇಣುಕುತ್ತಿದ್ದಳು. ಆ ಮುಖ ಗಡಿಬಿಡಿಗೆ ಚೆನ್ನಾಗಿ ಗೊತ್ತಿತ್ತು. ತನ್ನದೇ ಮುಖ. ಆ ಹುಡುಗಿಯೂ ಆಗಲೇ ಸಂಸಾರ ಹೂಡಿಬಿಟ್ಟಿದ್ದಳು.

ಸಿಗ್ನಲ್ ಹಸಿರಾಯಿತು. ಹಿಂದಿನಿಂದ ಹಾರ್ನ್. ಎಲ್ಲರಿಗಿಂತ ಮೊದಲು ಹೊರಡುವ ಗಡಿಬಿಡಿ ಅವತ್ತು ಕಾರನ್ನು ಪಕ್ಕಕ್ಕೆ ಹಾಕಿ ಇಳಿದಳು, ರಸ್ತೆ ದಾಟಿದಳು.

"ತಂಗಿ, ಮ್ಯಾಟ್ ಎತ್ತಿ ನೋಡಿದ್ಯಾ?" ಎಂದು ಕೇಳಿ ಜೇಬಿನಿಂದ ನಿಂಬೆಹಣ್ಣು ತೆಗೆದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ತಂಗಿಯರೇ, ತಮ್ಮಂದಿರೇ, ಮಕ್ಕಳಿಗೆ ಕಾರು ಕೊಡಿಸಲು ಹೊರಟಿರುವ ಅಪ್ಪ ಅಮ್ಮಂದಿರೇ, ಪ್ರತಿ ಸಿಗ್ನಲ್ಲಿನಲ್ಲೂ ಇಳಿದು ಬರಲು ಒಬ್ಬ ಗಡಿಬಿಡಿ ಇರುವುದಿಲ್ಲ. ಹಳೇ ಕಾರು ಕೊಳ್ಳುವುದರಲ್ಲಿ ತಪ್ಪಿಲ್ಲ, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದವರಿಗೆ ಅದೇ ದಾರಿ. ಆದರೆ ಹೇಳದೆ ಹೋಗಿ, ಇಂಜಿನ್ ತಣ್ಣಗಿರುವಾಗ ಹೋಗಿ. ವಾಹನ ತಿಳಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮದೇ ಮೆಕ್ಯಾನಿಕ್‌ಗೆ ತೋರಿಸಿ. ಕಾಗದದಲ್ಲಿ ಯಾರ ಹೆಸರಿದೆ, ಸಾಲ ತೀರಿದೆಯೇ, ಇನ್ಶೂರೆನ್ಸ್ ಇದೆಯೇ ಎಂದು ನೋಡುವವರೆಗೆ ಒಂದು ಪೈಸೆಯನ್ನೂ ಕೊಡಬೇಡಿ. ಇದ್ದದ್ದನ್ನೆಲ್ಲ ಬೆಲೆಗೇ ಸುರಿಯದೆ ಟೈರಿಗೆ, ಬ್ರೇಕಿಗೆ ಒಂದು ಪಾಲು ಉಳಿಸಿಕೊಳ್ಳಿ. ನಿಮ್ಮ ಅವಸರ ನಿಮಗಿರಲಿ, ಅದನ್ನು ಮಾರುವವನಿಗೆ ತೋರಿಸಬೇಡಿ.

ಇವತ್ತೂ ಯಾವುದೋ ಅಂಗಡಿಯ ಮುಂದೆ ಒಂದು ಕಾರು ಹೊಳೆಯುತ್ತ ನಿಂತಿದೆ, ನಾಳೆ ಹನ್ನೊಂದಕ್ಕೆ ಇನ್ನೊಬ್ಬರು ಬರುತ್ತಾರಂತೆ. ಬರಲಿ ಬಿಡಿ. ನೀವು ಮೊದಲು ಮ್ಯಾಟ್ ಎತ್ತಿ.